ಬಿಡಿಸುವುದಕ್ಕೂ ಒಂದು ಬೆಸುಗೆ

ಬಾಂದ್ರಾ ನಿಲ್ದಾಣದ ಪಶ್ಚಿಮ ಬಾಗಿಲಿನಿಂದ ಹೊರಬಿದ್ದು, ರಿಕ್ಷಾಗಳ ಸಾಲನ್ನು ತಪ್ಪಿಸಿಕೊಂಡು, ಎಸ್.ವಿ. ರಸ್ತೆಯನ್ನು ಹೇಗೋ ದಾಟಿ, ಬಜಾರ್ ರೋಡಿನ ಇಕ್ಕಟ್ಟಿಗೆ ಕಾಲಿಟ್ಟವನಿಗೆ ಒಂದು ಕಡೆಯಿಂದ ಮೀನಿನ ವಾಸನೆಯೂ ಮತ್ತೊಂದು ಕಡೆಯಿಂದ ಆಗತಾನೆ ಬೆಂದ ಪಾವಿನ ಪರಿಮಳವೂ ಎದುರಾಗುವುದು ಸಹಜ. ಆದರೆ ಕಳೆದ ಶ್ರಾವಣದ ಒಂದು ಸಂಜೆ, ನಮ್ಮ ಭಜನಾ ಮಂಡಳಿಯ ಕೆಟ್ಟುಹೋದ ಶ್ರುತಿಪೆಟ್ಟಿಗೆಯನ್ನು ಮಳೆಗೆ ನೆನೆಯದಂತೆ ಕಂಕುಳಲ್ಲಿ ಅವುಚಿಕೊಂಡು ಆ ಬೀದಿಯಲ್ಲಿ ನಡೆಯುತ್ತಿದ್ದ ನನ್ನನ್ನು ತಡೆದು ನಿಲ್ಲಿಸಿದುದು ಇವೆರಡೂ ಅಲ್ಲದ ಮೂರನೆಯ ಒಂದು ಗಂಧ. ದೇವರ ಮನೆಯ ಧೂಪಕ್ಕೆ ದೂರದ ದಾಯಾದಿಯಂತಿದ್ದ ಆ ಗಂಧ ಕಾದ ರಾಳದ್ದು. ಅದು ಹೊಮ್ಮುತ್ತಿದ್ದುದು ನಾನು ಹುಡುಕಿಕೊಂಡು ಹೊರಟಿದ್ದ ಅಂಗಡಿಯಿಂದಲೇ.

ಮಹಡಿಯ ಮೆಟ್ಟಿಲಿನ ಅಡಿಯಲ್ಲಿ, ಇಬ್ಬರು ಕುಳಿತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕಾದಷ್ಟು ಕಿರಿದಾದ ಅಂಗಡಿ ಅದು. ಗೋಡೆಯ ತುಂಬ ಹೊಟ್ಟೆ ಬಿಚ್ಚಿಸಿಕೊಂಡು ಕುಳಿತ ರೇಡಿಯೋಗಳು, ಟಿವಿಯ ರಿಮೋಟುಗಳು, ಯಾವುದೋ ಇಗರ್ಜಿಯ ಗಾಯಕವೃಂದದ ಒಂದು ಕೀಬೋರ್ಡು. ಅದರ ಒಡೆಯರು ಕುಂದಾಪುರದ ಕಡೆಯವರು. ಐವತ್ತು ವರ್ಷಗಳ ಹಿಂದೆ, ಕರಾವಳಿಯ ನೂರಾರು ಹುಡುಗರಂತೆ ಇವರೂ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ತರುವಾಯ ಗ್ರಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ರೇಡಿಯೋ ದುರಸ್ತಿಯನ್ನು ನೋಡಿ ಕಲಿತವರು. 1903ರಿಂದ 1907ರವರೆಗೆ ಮುಂಬಯಿಯ ಗವರ್ನರನಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು ಹೊತ್ತಿದ್ದ ಆ ರಸ್ತೆ ಸರ್ಕಾರಿ ಕಾಗದಗಳಲ್ಲಿ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗವಾಗಿ ಎಷ್ಟೋ ಕಾಲವಾದರೂ, ಬಿಡಿಭಾಗಗಳನ್ನು ಅರಸಿ ಬಾಂದ್ರಾದಿಂದ ಸ್ಲೋ ಲೋಕಲ್ ಹತ್ತುವ ಯಾವ ರಿಪೇರಿಯವನ ಬಾಯಲ್ಲೂ ಹೊಸ ಹೆಸರು ನಿಂತಿಲ್ಲ. ಬೀದಿಯ ಮಕ್ಕಳಿಂದ ಹಿಡಿದು ಇಗರ್ಜಿಯ ಪಾದ್ರಿಗಳವರೆಗೆ ಎಲ್ಲರಿಗೂ ಇವರು ‘ಅಣ್ಣ’, ಆದುದರಿಂದ ನನಗೂ.

ಪೆಟ್ಟಿಗೆಯ ರೋಗ ವಿಚಿತ್ರವಾದುದು. ಗುಂಡಿ ತಿರುವಿದರೆ ಅದು ಷಡ್ಜವನ್ನೂ ಪಂಚಮವನ್ನೂ ತಪ್ಪದೆ ನುಡಿಯುತ್ತಿತ್ತು. ಆದರೆ ಆ ಎರಡರ ಅಡಿಯಲ್ಲಿ, ಕರೆಯದೆ ಬಂದ ನೆಂಟನಂತೆ, ದುಂಬಿ ಮೊರೆದ ಹಾಗೆ ಇನ್ನೊಂದು ದನಿ ಎಡೆಬಿಡದೆ ಕೇಳುತ್ತಿತ್ತು. ಬೆಂಗಳೂರಿನಲ್ಲಿ, ಕೊಳಲುವಾದಕರೂ ಇಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದಂದಿನಿಂದ, ಸಂಗೀತ ಕಚೇರಿಯ ವೇದಿಕೆಗೂ ಯಕ್ಷಗಾನದ ರಂಗಸ್ಥಳಕ್ಕೂ ಮುಂಬಯಿಯ ಕನ್ನಡಿಗರ ಭಜನೆಯ ಚಾಪೆಗೂ ಈ ಬಗೆಯ ಪೆಟ್ಟಿಗೆಗಳು ಹಲವು ಕೈಗಳಲ್ಲಿ ತಯಾರಾಗಿ ಬಂದವು. ನಮ್ಮದು ಹೆಸರಿನ ಚೀಟಿಯೂ ಸವೆದುಹೋದಷ್ಟು ಹಳೆಯದು. ಅಣ್ಣ ಒಂದು ನಿಮಿಷ ಕಿವಿಗೊಟ್ಟು ಕೇಳಿ, “ಇದಕ್ಕೆ ಎಂತ ಆಗಲಿಲ್ಲ ಮಾರಾಯ್ರೆ, ಕಂಡೆನ್ಸರ್ ಒಣಗಿದೆ ಅಷ್ಟೆ” ಎಂದರು. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುವುದು. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಅಲೆಗಳಾಗುವುವು. ಆ ಅಲೆಗಳ ನಡುವಣ ತಗ್ಗುಗಳನ್ನು ತುಂಬಿ ಸಮತಟ್ಟು ಮಾಡುವ ಕೆಪಾಸಿಟರು, ಎಂದರೆ ಅಣ್ಣ ಹೇಳಿದ ಕಂಡೆನ್ಸರು, ವಯಸ್ಸಾಗಿ ತನ್ನೊಳಗಿನ ದ್ರವವನ್ನು ಕಳೆದುಕೊಂಡರೆ, ಆ ನೂರು ಅಲೆಗಳೇ ದನಿಯಾಗಿ ಹೊರಬೀಳುವುವು. ಹಳೆಯದನ್ನು ತೆಗೆದು ಹೊಸದನ್ನು ಕೂಡಿಸಿದರೆ ತೀರಿತು. ಆದರೆ ಕೂಡಿಸುವುದು ಐದು ನಿಮಿಷದ ಕೆಲಸವಾದರೆ, ತೆಗೆಯುವುದು ಅರ್ಧ ಗಂಟೆಯದೆಂದು ಅವರು ಹೇಳಿದಾಗ ನನಗೆ ಅಚ್ಚರಿಯಾಯಿತು.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಂಬಿ ಬೆಳೆದವರು ನಾವು. ಕಟ್ಟುವುದಕ್ಕೆ ವಿದ್ಯೆ ಬೇಕು, ಕೆಡವುವುದಕ್ಕೆ ತೋಳು ಸಾಕು ಎಂಬುದು ನಮ್ಮ ಸಾಮಾನ್ಯ ಗ್ರಹಿಕೆ. ಆ ಗಾದೆ ಮಣ್ಣಿನ ಗಡಿಗೆಗೆ ಒಪ್ಪುವುದಾದರೂ ವಿದ್ಯುನ್ಮಂಡಲದ ಹಲಗೆಗೆ ಒಪ್ಪದು. ಅಲ್ಲಿ ಬಿಡಿಸುವವನು ಬೆಸೆದವನಿಗಿಂತ ಹೆಚ್ಚು ಬಲ್ಲವನಾಗಿರಬೇಕು. ಏಕೆಂದರೆ ಬಿಡಿಸಿದ ಮೇಲೆಯೂ ಹಲಗೆ ಉಳಿಯಬೇಕು, ಬಿಡಿಸಿದ ಕೈ ಉಳಿಯಬೇಕು, ಬಿಡಿಸಿ ಬಿಸುಟ ಲೋಹ ಬಿದ್ದ ನೆಲವೂ ಉಳಿಯಬೇಕು. ಕಾಲೇಜಿನ ದಿನಗಳಲ್ಲಿ ನಾನೇ ಒಂದು ಟ್ರಾನ್ಸಿಸ್ಟರ್ ರೇಡಿಯೋವಿನ ಬಿಡಿಭಾಗವೊಂದರ ಕಾಲನ್ನು, ಬೆಸುಗೆ ಪೂರ್ತಿ ಕರಗುವ ಮೊದಲೇ ಇಕ್ಕಳದಿಂದ ಹಿಡಿದು ಎಳೆದಿದ್ದೆ. ಕಾಲು ಬಂದಿತು, ಅದರ ಜೊತೆಗೆ ಹಲಗೆಯ ತಾಮ್ರದ ಗೆರೆಯೂ ಈರುಳ್ಳಿಯ ಸಿಪ್ಪೆಯಂತೆ ಎದ್ದು ಬಂದಿತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದಕ್ಕೆ ನಿದರ್ಶನವಾಗಿ ಆ ರೇಡಿಯೋ ಬಹುಕಾಲ ನಮ್ಮ ಅಟ್ಟದ ಮೇಲಿದ್ದಿತು.

ಬೆಸುಗೆ ಎಂಬುದು ನಮ್ಮ ಜನಕ್ಕೆ ಹೊಸತಲ್ಲ. ವರ್ಷಕ್ಕೊಮ್ಮೆ ಊರಿಗೆ ಬಂದು, ಅಂಗಳದ ಮೂಲೆಯಲ್ಲಿ ಗುಳಿ ತೋಡಿ, ತಿದಿಯೊತ್ತಿ ಕೆಂಡ ಮಾಡಿ, ತಾಮ್ರದ ಹಂಡೆ ಪಾತ್ರೆಗಳನ್ನು ಕಾಯಿಸುತ್ತಿದ್ದ ಕಲಾಯಿಯವನನ್ನು ಕಂಡವರು ಇನ್ನೂ ಇದ್ದಾರೆ. ಕಾದ ಪಾತ್ರೆಗೆ ಅವನು ಚಿಟಿಕೆ ನವಸಾಗರವನ್ನೆರಚಿದೊಡನೆ ಬಿಳಿಯ ಹೊಗೆಯೆದ್ದು, ಲೋಹದ ಮೈಮೇಲಿನ ಕಿಲುಬೆಲ್ಲ ಕಳೆದು, ತವರದ ಕಡ್ಡಿ ಮುಟ್ಟಿದಲ್ಲೆಲ್ಲ ಬೆಳ್ಳಿಯಂತೆ ಹರಡಿಕೊಳ್ಳುತ್ತಿದ್ದಿತು. ಅಣ್ಣನ ಮೇಜಿನ ಮೇಲಿನ ಸಣ್ಣ ಡಬ್ಬಿಯಲ್ಲಿದ್ದ ಹಳದಿ ರಾಳ ಮಾಡುವ ಕೆಲಸವೂ ಅದೇ. ಪೈನ್ ಮರದಿಂದ ಬರುವ, ಪಿಟೀಲಿನ ಕಮಾನಿಗೆ ತಿಕ್ಕುವ ಈ ರಾಳವು ತಾಮ್ರದ ಮೇಲಿನ ಕಿಲುಬನ್ನು ತೊಡೆದು ಲೋಹವು ಲೋಹವನ್ನು ಮುಟ್ಟುವಂತೆ ಮಾಡುವುದು. ಇನ್ನು ಬೆಸುಗೆಯ ತಂತಿಯಾದರೋ, ಮುಂಬಯಿಯ ರಿಪೇರಿಯವರು ರಾಂಗಾ ಎನ್ನುವ ಅದು, ತವರ ಮತ್ತು ಸೀಸಗಳ ಮಿಶ್ರಣ. ತವರ ಒಂದೇ ಕರಗಬೇಕಾದರೆ 232 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಸೀಸ ಒಂದೇ ಕರಗಬೇಕಾದರೆ 327 ಬೇಕು; ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಕೂಡಿದಾಗಲಾದರೋ ಅವೆರಡೂ ತಮ್ಮ ತಮ್ಮ ಹಟವನ್ನು ಬಿಟ್ಟು 183 ಡಿಗ್ರಿಗೇ ನೀರಾಗುವುವು. ಬೆಸುಗೆ ಬಿಡಿಸುವವನ ಸಕಲ ಸಾಮರ್ಥ್ಯವೂ ಈ ಒಂದು ಔದಾರ್ಯದ ಮೇಲೆ ನಿಂತಿದೆ.

ಅಣ್ಣ ಮೊದಲು ಮಾಡಿದ ಕೆಲಸ ಪೆಟ್ಟಿಗೆಯ ವೈರನ್ನು ಗೋಡೆಯಿಂದ ಕಿತ್ತು ನನ್ನ ಕೈಗೆ ಕೊಟ್ಟದ್ದು. ಅದು ಕಣ್ಣಿಗೆ ಕಾಣುತ್ತಿರುವವರೆಗೆ ಯಾರೂ ಮರೆತು ಚುಚ್ಚಲಾರರು ಎಂಬುದು ಅವರ ಯುಕ್ತಿ. ಎರಡನೆಯದಾಗಿ, ವೈರು ಕಿತ್ತರೂ ಕೆಪಾಸಿಟರಿನ ಹೊಟ್ಟೆಯಲ್ಲಿ ವಿದ್ಯುತ್ತು ಉಳಿದಿರುವುದೆಂದು, ಮೀಟರಿನ ಎರಡು ಮೊನೆಗಳನ್ನೂ ಅದರ ಕಾಲುಗಳಿಗೆ ಮುಟ್ಟಿಸಿ ನೋಡಿದರು. ನಮ್ಮ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫಾರ್ಮರು ಇದ್ದುದರಿಂದ ಭಯವಿರಲಿಲ್ಲ. ಆದರೆ ಇಂದಿನ ಟಿವಿ, ಕಂಪ್ಯೂಟರುಗಳ ಪವರ್ ಸಪ್ಲೈಯಲ್ಲಿ 230 ವೋಲ್ಟಿನ ವಿದ್ಯುತ್ತು ನೇರವಾಗಿ ದೊಡ್ಡ ಕೆಪಾಸಿಟರಿಗೆ ಹೋಗಿ ಸುಮಾರು 325 ವೋಲ್ಟಿಗೆ ತುಂಬಿಕೊಳ್ಳುವುದೆಂದೂ, ಹಳೆಯ ಟಿವಿಯ ಚಿತ್ರನಳಿಕೆಯಲ್ಲಾದರೆ ಅದು ಇಪ್ಪತ್ತು ಸಾವಿರ ವೋಲ್ಟಿಗೂ ಮಿಕ್ಕಿರುವುದೆಂದೂ ಹೇಳಿ, “ಕೆಲವರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅಂತ ಕಿಡಿ ಹಾರಿಸ್ತಾರೆ, ಒಂದು ದಿನ ಸ್ಕ್ರೂಡ್ರೈವರೂ ಹೋಗ್ತದೆ, ಕಣ್ಣೂ ಹೋಗ್ತದೆ” ಎಂದರು. ಕೆಲವು ಸಾವಿರ ಓಮಿನ ಒಂದು ರೆಸಿಸ್ಟರನ್ನು ಅಡ್ಡ ಹಿಡಿದು, ತುಂಬಿದ ಕೆರೆಯ ತೂಬನ್ನು ಸಣ್ಣಗೆ ತೆರೆದಂತೆ, ಅದನ್ನು ನಿಧಾನವಾಗಿ ಬರಿದು ಮಾಡಿ, ಮತ್ತೆ ಮೀಟರಿನಿಂದ ಖಚಿತ ಮಾಡಿಕೊಳ್ಳುವುದು ಅವರ ಪದ್ಧತಿ.

ತರುವಾಯ ಮೊಬೈಲಿನಲ್ಲಿ ಹಲಗೆಯ ಎರಡೂ ಬದಿಯ ಚಿತ್ರ ತೆಗೆದುಕೊಂಡು, ಕೆಪಾಸಿಟರಿನ ಮೈಮೇಲೆ ಋಣಕಾಲನ್ನು ಸೂಚಿಸುವ ಪಟ್ಟೆ ಯಾವ ಕಡೆಗಿದೆಯೆಂದು ಬಿಳಿಯ ಶಾಯಿಯಲ್ಲಿ ಗುರುತಿಟ್ಟು, ಬೆಸುಗೆ ಹಾಕುವ 25 ವ್ಯಾಟಿನ ಐರನ್ನಿನ ಮೊನೆಯನ್ನು ಒದ್ದೆ ಸ್ಪಂಜಿಗೆ ಒರೆಸಿದರು. ಆಮೇಲೆ ಅವರು ಮಾಡಿದುದು ನನಗೆ ತಲೆಕೆಳಗಾಗಿ ಕಂಡಿತು: ಹಳೆಯ ಬೆಸುಗೆಯನ್ನು ತೆಗೆಯಬೇಕಾದವರು ಅದರ ಮೇಲೆ ಹೊಸ ರಾಂಗಾದ ಒಂದು ಹನಿಯನ್ನು ಕೂಡಿಸಿದರು. ಮೂವತ್ತು ವರ್ಷಗಳ ಸಮುದ್ರದ ಗಾಳಿ ಕುಡಿದು ಮಂಕಾಗಿ, ಕಾಲಿನ ಸುತ್ತ ಹಸಿರು ಕಿಲುಬು ಕಟ್ಟಿದ್ದ ಆ ಬೆಸುಗೆ ಐರನ್ನಿನ ಶಾಖವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊಸ ಲೋಹವೂ ಅದರೊಡನೆ ಬಂದ ರಾಳವೂ ಒಳಹೊಕ್ಕು ಹಳೆಯದನ್ನು ಒಲಿಸಿ ಕರಗಿಸುವುವು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಮಾತಿಗೆ ಇದಕ್ಕಿಂತ ಸಾಕ್ಷಾತ್ತಾದ ಉದಾಹರಣೆಯನ್ನು ನಾನು ಕಂಡಿಲ್ಲ. ಬೂದಿ ಬಣ್ಣದ ಗಂಟು ಒಮ್ಮೆಲೇ ಪಾದರಸದಂತೆ ಹೊಳೆಯಿತು, ಅಣ್ಣ ಎಡಗೈಯಲ್ಲಿದ್ದ, ಕರಗಿದ ಬೆಸುಗೆಯನ್ನು ಹೀರುವ ಸಕ್ಕರಿನ ಮೂತಿಯನ್ನು ಅದರ ಪಕ್ಕಕ್ಕೆ ತಂದು ಗುಂಡಿಯೊತ್ತಿದರು, ಸ್ಪ್ರಿಂಗು ‘ಟಕ್’ ಎಂದಿತು, ಹನಿ ಮಾಯವಾಯಿತು.

ಆದರೂ ಕಾಲಿನ ಒಂದು ಮಗ್ಗುಲಲ್ಲಿ ಕೂದಲೆಳೆಯಷ್ಟು ಬೆಸುಗೆ ಉಳಿದಿದ್ದಿತು. ನಾನಾಗಿದ್ದರೆ ಅಲ್ಲಿಗೆ ಇಕ್ಕಳ ಹಾಕುತ್ತಿದ್ದೆ. ಅವರು ತಾಮ್ರದ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ಪಟ್ಟಿಯೊಂದನ್ನು ರಾಳಕ್ಕೆ ಸೋಕಿಸಿ ಅದರ ಮೇಲಿಟ್ಟು, ಪಟ್ಟಿಯ ಮೇಲೆ ಐರನ್ನನ್ನಿಟ್ಟರು. ಪೇಟೆಯಲ್ಲಿ ಅದಕ್ಕೆ ವಿಕ್ ಎನ್ನುವರು. ವಿಕ್ ಎಂದರೆ ಬತ್ತಿಯೇ ತಾನೆ? ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಆ ತಾಮ್ರದ ಜಡೆ ಕರಗಿದ ಲೋಹವನ್ನು ಹೀರಿ ಬೆಳ್ಳಗಾಯಿತು. ಇಲ್ಲಿ ಎರಡು ಎಚ್ಚರಗಳಿವೆ: ಬತ್ತಿಯನ್ನು ಹಲಗೆಯ ಮೇಲೆ ಉಜ್ಜಬಾರದು, ಐರನ್ನನ್ನೂ ಬತ್ತಿಯನ್ನೂ ಒಟ್ಟಿಗೇ ಎತ್ತಬೇಕು, ಐರನ್ ಮುಂಚೆ ಎದ್ದರೆ ಲೋಹ ಹೆಪ್ಪುಗಟ್ಟಿ ಬತ್ತಿ ಹಲಗೆಗೇ ಅಂಟಿಕೊಳ್ಳುವುದು, ಎಳೆದರೆ ತಾಮ್ರದ ಪ್ಯಾಡೇ ಕಿತ್ತುಬರುವುದು. ಆ ಪ್ಯಾಡಾದರೋ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ, ನಮ್ಮ ತಲೆಗೂದಲಿನ ಅರ್ಧದಷ್ಟು. ಅದನ್ನು ಹಲಗೆಗೆ ಹಿಡಿದಿಟ್ಟಿರುವ ಅಂಟು ಹೆಚ್ಚು ಶಾಖಕ್ಕೆ ಸಡಿಲವಾಗುವುದು. ಆದುದರಿಂದಲೇ ಅಣ್ಣ ಪ್ರತಿ ಸಲವೂ ತುಟಿಯೊಳಗೆ ಒಂದು, ಎರಡು, ಮೂರು ಎಂದೆಣಿಸಿ ಐರನ್ನನ್ನು ಎತ್ತುತ್ತಿದ್ದರು. ಆಗದಿದ್ದರೆ ಹಲಗೆ ಆರುವವರೆಗೆ ಕಾದು ಮತ್ತೆ ತೊಡಗುತ್ತಿದ್ದರು. ಕೊನೆಗೆ ಕಡ್ಡಿಯಿಂದ ಮುಟ್ಟಿದರೆ ಕಾಲು ರಂಧ್ರದಲ್ಲಿ ತಾನಾಗಿ ಅಲ್ಲಾಡಿತು. ಕೆಪಾಸಿಟರು ಬೆಣ್ಣೆಯಿಂದ ಕೂದಲು ತೆಗೆದಂತೆ ಈಚೆಗೆ ಬಂದಿತು.

ಇಷ್ಟರಲ್ಲಿ ಎದುರಿನ ಹೋಟೆಲಿನ ಹುಡುಗ ತಂದಿಟ್ಟಿದ್ದ ಎರಡು ಕಟಿಂಗ್ ಚಹಾಗಳು ಅಂಗಡಿಯ ಹೊರಗಿನ ಸ್ಟೂಲಿನ ಮೇಲೆ ತಣ್ಣಗಾಗುತ್ತಿದ್ದುವು. ನಾನು ಲೋಟಕ್ಕೆ ಕೈ ಚಾಚಿದೆ. “ಹ್ವಾಯ್, ಹಲಗೆ ಮುಟ್ಟಿದ ಕೈಯಲ್ಲಿ ಬೇಡ” ಎಂದು ಅಣ್ಣ ತಡೆದರು. ಬೆಸುಗೆಯ ಹೊಗೆಯಲ್ಲಿ ಸೀಸವಿರುವುದೆಂದು ಹೆದರುವವರು ಅನೇಕರು; ಸತ್ಯ ಬೇರೆ. ಸೀಸ ಕುದಿಯಬೇಕಾದರೆ 1749 ಡಿಗ್ರಿ ಬೇಕು. 350 ಡಿಗ್ರಿಯ ಆಸುಪಾಸಿನ ಐರನ್ನಿನಿಂದ ಅದು ಆವಿಯಾಗಿ ಏಳುವುದು ಅತ್ಯಲ್ಪ. ಕಣ್ಣಿಗೆ ಕಾಣುವ ಆ ಹೊಗೆ ರಾಳದ್ದು. ಬೀದಿಯಲ್ಲಿ ನನ್ನನ್ನು ಧೂಪದಂತೆ ಸೆಳೆದ ಅದೇ ಪರಿಮಳವನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಉಬ್ಬಸ ಬರುವುದು ವೈದ್ಯರು ಬಲ್ಲ ವಿಷಯ. ಆದುದರಿಂದ ಅಣ್ಣನ ಮೇಜಿನ ಪಕ್ಕದಲ್ಲಿ ಕಂಪ್ಯೂಟರಿನ ಹಳೆಯ ಫ್ಯಾನೊಂದು ಹೊಗೆಯನ್ನು ಮುಖದಿಂದ ಆಚೆಗೆ ಎಳೆದು ಬೀದಿಗಟ್ಟುತ್ತಿದ್ದಿತು. ಸೀಸ ಹೋಗುವ ದಾರಿಯೇ ಬೇರೆ; ಅದು ಬೆರಳಿನಿಂದ ಲೋಟಕ್ಕೆ, ಲೋಟದಿಂದ ತುಟಿಗೆ, ಅಂಗಿಯಿಂದ ಮನೆಯ ಮಗುವಿನ ಕೈಗೆ ಸದ್ದಿಲ್ಲದೆ ಸಾಗುವುದು. ಇಷ್ಟು ಸೀಸ ಸೇರಿದರೆ ಅಪಾಯವಿಲ್ಲವೆಂಬ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಮಕ್ಕಳ ರಕ್ತದಲ್ಲಿನ ಸೀಸದ ಬಗೆಗೆ ದೀರ್ಘಕಾಲ ದುಡಿದು ಜನಕ್ಕೆ ಎಚ್ಚರ ಹೇಳಿದವರು. 2000ನೆಯ ಇಸವಿಯಲ್ಲಿ ನಮ್ಮ ದೇಶದ ಪೆಟ್ರೋಲಿನಿಂದ ಸೀಸ ತೊಲಗಿತು. ರಿಪೇರಿಯವನ ಮೇಜಿನಿಂದ ಅದನ್ನು ತೊಲಗಿಸಬೇಕಾದುದು ಸಾಬೂನು.

ಉಳಿದ ಎಚ್ಚರಗಳನ್ನು ಅಣ್ಣ ಮಾತಿನಲ್ಲಿ ಹೇಳಲಿಲ್ಲ. ಅವರ ಮೈಯಲ್ಲಿಯೇ ಅವು ಇದ್ದುವು. ಕಾದ ಕಾಲು ಸಿಡಿದು ಹನಿ ಹಾರುವುದುಂಟಾದ್ದರಿಂದ ಕಣ್ಣಿಗೆ ಕನ್ನಡಕ. ಹಲಗೆಯನ್ನು ಮೇಜಿಗೆ ಕುಟ್ಟಿ ಬೆಸುಗೆ ಉದುರಿಸುವ ಚಟ ಅವರಿಗಿಲ್ಲ. ಬಳಸದಿರುವಾಗ ಐರನ್ ಸ್ಟ್ಯಾಂಡಿನಲ್ಲಿಯೇ ಇರುವುದು. ಬೇಗ ಹೊತ್ತಿಕೊಳ್ಳುವ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ರಾಳ ತೊಳೆಯುವುದು ಐರನ್ ಆರಿದ ಮೇಲೆ ಮಾತ್ರ. ಮೊಬೈಲಿನಂಥ ಸೂಕ್ಷ್ಮ ಹಲಗೆಯನ್ನು ಮುಟ್ಟುವಾಗ ಮಣಿಕಟ್ಟಿಗೆ ಒಂದು ಪಟ್ಟಿ. ಮೈಯ ಸ್ಥಿರವಿದ್ಯುತ್ತನ್ನು ಭೂಮಿಗೆ ಇಳಿಸುವ ಅದರಲ್ಲಿ 10 ಲಕ್ಷ ಓಮಿನ ಪ್ರತಿರೋಧವಿರುವುದು ಚಿಪ್ಪಿನ ರಕ್ಷಣೆಗಲ್ಲ, ಕಟ್ಟಿಕೊಂಡವನ ರಕ್ಷಣೆಗೆ.

ಯೂರೋಪಿನ ಒಕ್ಕೂಟವು 2006ರ ಜುಲೈ 1ರಿಂದ ವಿದ್ಯುನ್ಮಾನ ಸಾಮಗ್ರಿಗಳ ಬೆಸುಗೆಯಿಂದ ಸೀಸವನ್ನು ಬಹುಮಟ್ಟಿಗೆ ಬಹಿಷ್ಕರಿಸಿದ ತರುವಾಯ, ಲೋಕದ ಕಾರ್ಖಾನೆಗಳೆಲ್ಲ ತವರದೊಡನೆ ನೂರಕ್ಕೆ 3 ಪಾಲು ಬೆಳ್ಳಿಯನ್ನೂ ಅರ್ಧ ಪಾಲು ತಾಮ್ರವನ್ನೂ ಕೂಡಿಸಿದ ಮಿಶ್ರಣದಂಥವುಗಳತ್ತ ತಿರುಗಿದುವು. ಇದು ಆರೋಗ್ಯಕ್ಕೆ ಹಿತವಾದರೂ ರಿಪೇರಿಯವನಿಗೆ ಕಷ್ಟ. 217 ಡಿಗ್ರಿಯವರೆಗೆ ಇದು ಕದಲುವುದೇ ಇಲ್ಲ. ಸಾಲದುದಕ್ಕೆ, ಹೊಸ ಹಲಗೆಗಳಲ್ಲಿ ತಾಮ್ರವು ಪದರ ಪದರವಾಗಿ ಒಳಗಡೆ ಹರಡಿದ್ದು, ಐರನ್ನಿನ ಶಾಖವನ್ನು ಮರಳು ನೀರು ಕುಡಿದಂತೆ ಕುಡಿದುಬಿಡುವುದು. ಆಗ ಹೊಸಬರು ಶಾಖ ಹೆಚ್ಚಿಸುವರು, ಇಲ್ಲವೆ ಐರನ್ನನ್ನು ಒತ್ತಿ ಹಿಡಿಯುವರು, ಹಲಗೆ ಕರಿಯಾಗುವುದು. ಬಲ್ಲವರು ಹಲಗೆಯನ್ನೆಲ್ಲ ಬಿಸಿಗಾಳಿಯಿಂದ ಮೊದಲೇ ಹದವಾಗಿ ಬೆಚ್ಚಗೆ ಮಾಡಿಕೊಂಡು, ಮತ್ತೆ ಅದೇ ಹಳೆಯ ಉಪಾಯಕ್ಕೆ ಕೈಹಾಕುವರು: ಕಡಿಮೆ ಶಾಖಕ್ಕೆ ಕರಗುವ ಒಂದು ಹನಿಯನ್ನು ಕೂಡಿಸಿದರೆ ಗಟ್ಟಿಯದೂ ಮೆತ್ತಗಾಗುವುದು.

ಈ ತಾಳ್ಮೆಯಿಲ್ಲದೆಡೆ ಏನಾಗುವುದೆಂಬುದನ್ನು ನೋಡಲು ಬಾಂದ್ರಾದಿಂದ ಬಹುದೂರ ಹೋಗಬೇಕಾದುದಿಲ್ಲ. ವಿಹಾರ, ಪೊವಾಯಿ ಕೆರೆಗಳ ಕಡೆಯಿಂದ ಹರಿದುಬಂದು, ಬಾಂದ್ರಾ–ಕುರ್ಲಾ ಸಂಕೀರ್ಣದ ಗಾಜಿನ ಸೌಧಗಳ ಮಗ್ಗುಲಲ್ಲಿ ಕಪ್ಪಾಗಿ ಸಾಗಿ ಮಾಹಿಮ್ ಖಾರಿಯನ್ನು ಸೇರುವ ಮಿಠಿ ನದಿಯ ಒಂದು ದಂಡೆಗೆ ಧಾರಾವಿಯಿದೆ, ಮೇಲುಗಡೆಗೆ ಕುರ್ಲಾ, ಸಾಕಿನಾಕಾಗಳಿವೆ. ನಗರ ಎಸೆದ ಯಂತ್ರಗಳೆಲ್ಲ ಭಂಗಾರ್ ಎಂಬ ಹೆಸರಿನಲ್ಲಿ ಬಂದು ಸೇರುವ ಗುಜರಿಯ ಗಲ್ಲಿಗಳು ಅವು. ಇಂಥ ಗುಜರಿಯ ಕಸುಬಿನಲ್ಲಿ ಬೆಸುಗೆ ಬಿಡಿಸುವ ರೀತಿ ಅಣ್ಣನದಕ್ಕಿಂತ ಬೇರೆ: ಹಲಗೆಯನ್ನು ಕೆಂಡದ ಮೇಲೋ ಗ್ಯಾಸಿನ ಉರಿಗೋ ಹಿಡಿದು, ಬೆಸುಗೆ ಕರಗಿದೊಡನೆ ಕುಟ್ಟಿ, ಉದುರಿದ ಚಿಪ್ಪುಗಳನ್ನು ಆಯ್ದು, ಉಳಿದುದನ್ನು ಆಮ್ಲದಲ್ಲಿ ಅದ್ದಿ ಚಿನ್ನದ ಕಣಗಳನ್ನು ಅರಸುವುದು. ಬೆಂಕಿಗೆ ತಡೆಯಾಗಲೆಂದು ಹಲಗೆಗೆ ಸೇರಿಸಿದ ಬ್ರೋಮಿನಿನ ಸಂಯುಕ್ತಗಳು ಸುಟ್ಟಾಗ ಡಯಾಕ್ಸಿನ್‌ನಂಥ ಘೋರ ವಿಷಗಳು ಹುಟ್ಟುವುವು. ಸೀಸ ಬೂದಿಯಾಗಿ ನೆಲಕ್ಕಿಳಿಯುವುದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು ಮಿಠಿ ಉಕ್ಕಿದಾಗ, ನಾವು ನೆಲದ ಪಾಲು ಮಾಡಿದುದೆಲ್ಲ ನಮ್ಮ ಹೊಸಿಲಿಗೇ ಹಿಂದಿರುಗಬಲ್ಲುದೆಂಬ ಪಾಠ ಬಾಂದ್ರಾದ ತಗ್ಗಿನ ಗಲ್ಲಿಗಳಿಗೆ ಆಯಿತು. ಆ ಉರಿಯ ಮುಂದೆ ಕುಳಿತವರನ್ನು ಹಳಿಯುವುದು ಸುಲಭ. ಹಲಗೆಯನ್ನು ಅವರಲ್ಲಿಗೆ ಕಳುಹಿಸಿದವರು ನಾವೇ ಎಂಬುದನ್ನು ನೆನೆಯುವುದು ಕಷ್ಟ.

ಅದೇ 2005ರಲ್ಲಿ, ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿ ಪಿ. ಪಾರ್ಥಸಾರಥಿಯವರು ಇ-ಪರಿಸರ ಎಂಬ ಘಟಕವನ್ನು ಆರಂಭಿಸಿ, ಹಲಗೆಗಳನ್ನು ಬಯಲಿನಲ್ಲಿ ಸುಡದೆ ಬಿಡಿಸಿ ಲೋಹಗಳನ್ನು ಬೇರ್ಪಡಿಸುವ ಕಾರ್ಯವನ್ನು ದೇಶಕ್ಕೆ ಮೊದಲಾಗಿ ಸರ್ಕಾರದ ಅನುಮತಿಯೊಡನೆ ಕೈಗೊಂಡರು. ಇ-ತ್ಯಾಜ್ಯಕ್ಕೆಂದೇ 2011ರಲ್ಲಿ ರಚಿತವಾದ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದುವು. ಅವು ಎರಡು ಸಲ ಹೊಸದಾಗಿ ಬರೆಯಲ್ಪಟ್ಟು, 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ತಯಾರಿಸಿದವನೇ ತನ್ನ ವಸ್ತುವಿನ ಕೊನೆಗೂ ಹೊಣೆ ಎಂಬುದು ಅವುಗಳ ತಿರುಳು. ಆದರೆ ಆ ಕೊನೆಯನ್ನು ಹತ್ತು ವರ್ಷ ಮುಂದಕ್ಕೆ ತಳ್ಳುವ ರಿಪೇರಿಯವನು, ಯಾವ ನಿಯಮದ ಹಂಗೂ ಇಲ್ಲದೆ, ಮೆಟ್ಟಿಲಿನ ಅಡಿಯಲ್ಲಿ ಕುಳಿತಿದ್ದಾನೆ.

ಹೊಸ ಕೆಪಾಸಿಟರನ್ನು ಕೂಡಿಸಲು ನಿಜಕ್ಕೂ ಐದು ನಿಮಿಷವೇ ಹಿಡಿಯಿತು. ವೈರನ್ನು ನನ್ನ ಕೈಯಿಂದ ತೆಗೆದುಕೊಂಡು ಚುಚ್ಚಿ, ಅಣ್ಣ ಗುಂಡಿ ತಿರುವಿದರು. ಷಡ್ಜ ಬಂದಿತು, ಪಂಚಮ ಬಂದಿತು; ಅವುಗಳ ಅಡಿಯಲ್ಲಿ ಬಜಾರ್ ರೋಡಿನ ಮಳೆಯ ಸದ್ದಲ್ಲದೆ ಮತ್ತಾವುದೂ ಇರಲಿಲ್ಲ. ಆಮೇಲೆ ಅವರು ಸಕ್ಕರಿನ ಹೊಟ್ಟೆಯನ್ನು ಬಿಚ್ಚಿ, ಅದರೊಳಗಿನ ಬೂದುಬಣ್ಣದ ಚೂರುಗಳನ್ನು ಒಂದು ತಗಡಿನ ಡಬ್ಬಿಗೆ ಕೊಡವಿ, ಬೆಳ್ಳಗಾದ ಬತ್ತಿಯ ತುಂಡನ್ನೂ ಕತ್ತರಿಸಿ ಅದಕ್ಕೇ ಹಾಕಿ ಮುಚ್ಚಳ ಬಿಗಿದರು. ಡಬ್ಬಿಯ ಮೇಲೆ ರಾತ್ರಿಶಾಲೆಯ ದುಂಡು ಅಕ್ಷರದಲ್ಲಿ ‘ಸೀಸ’ ಎಂದು ಬರೆದಿದ್ದಿತು. ಆ ಅಂಗಡಿಯಲ್ಲಿದ್ದ ಕನ್ನಡದ ಬರಹ ಅದೊಂದೇ. ತುಂಬಿದ ಮೇಲೆ ನೋಂದಾಯಿತ ಸಂಗ್ರಾಹಕರಿಗೆ ಕೊಡುವುದೆಂದೂ, ಈಗಿನ ಡಬ್ಬಿ ತುಂಬಲು ಇನ್ನೂ ಎರಡು ವರ್ಷ ಬೇಕೆಂದೂ ತಿಳಿಯಿತು.

ಅಣ್ಣ ಹಿಂದುಗಡೆಯ ನಲ್ಲಿಯಲ್ಲಿ ಮೊಣಕೈಯವರೆಗೆ ಸಾಬೂನು ಹಚ್ಚಿ ತೊಳೆದುಕೊಂಡು ಬಂದು, ಸಾಬೂನನ್ನು ನನ್ನ ಕಡೆಗೆ ಚಾಚಿದರು. ನಾನೂ ತೊಳೆದುಕೊಂಡೆ. ಚಹಾ ಪೂರ್ತಿ ಆರಿಹೋಗಿದ್ದಿತು. ಹೋಟೆಲಿನ ಹುಡುಗನನ್ನು ಕೂಗಿ ಮತ್ತೆರಡು ತರಿಸಿದೆವು.